ಬಾಣವಿಲ್ಲದ ಬಿಲ್ಲು

ಬಲಿ ಚಕ್ರವರ್ತಿ ವರ್ಷಕ್ಕೊಮ್ಮೆ ಪಾತಾಳದಿಂದ ಎದ್ದು ಬಂದು ತನ್ನ ಪ್ರಜೆಗಳನ್ನು ಕಂಡು ಹೋಗುತ್ತಾನೆಂಬುದು ಕನ್ನಡನಾಡಿನವರಿಗೂ ಗೊತ್ತು, ಕೇರಳದವರಿಗೂ ಗೊತ್ತು. ಬರುವ ದಿನದ ವಿಷಯದಲ್ಲಿ ಮಾತ್ರ ಇಬ್ಬರಿಗೂ ಹೊಂದಿಕೆಯಿಲ್ಲ. ನಮ್ಮಲ್ಲಿಗೆ ಅವನು ಬರುವುದು ದೀಪಾವಳಿಯ ಪಾಡ್ಯಕ್ಕೆ. ತುಳುನಾಡಿನ ಮನೆಯಂಗಳದಲ್ಲಿ, ಗದ್ದೆಯ ಬದುವಿನಲ್ಲಿ ದೀಪ ಹಚ್ಚಿಟ್ಟು ‘ಬಲೀಂದ್ರ’ನನ್ನು ಕೂಗಿ ಕರೆಯುತ್ತಾರೆ. ಕೇರಳಕ್ಕೆ ಅವನು ಅದಕ್ಕೂ ಮೊದಲೇ, ಸಿಂಹ ಮಾಸದ ಶ್ರವಣ ನಕ್ಷತ್ರದ ದಿನ ಬಂದುಬಿಡುತ್ತಾನೆ. ಅದೇ ತಿರುವೋಣಂ.

ಓಣಂ ಎಂದೊಡನೆ ಅಂಗಳದ ಹೂವಿನ ರಂಗೋಲಿ, ಬಾಳೆಲೆಯ ಮೇಲಿನ ಸಾಲು ಸಾಲು ಭಕ್ಷ್ಯ, ಹಾವಿನಂತೆ ನೀಳವಾದ ದೋಣಿಗಳ ಪಂದ್ಯ ಕಣ್ಣಿಗೆ ಕಟ್ಟುತ್ತವೆ. ಶಾಲೆಯ ಪಠ್ಯಪುಸ್ತಕಗಳೂ ಇಷ್ಟನ್ನೇ ಹೇಳಿ ಮುಗಿಸುತ್ತವೆ. ಆದರೆ ಅದೇ ದಿನ ಬೆಳಿಗ್ಗೆ ತಿರುವನಂತಪುರದ ಅನಂತಪದ್ಮನಾಭಸ್ವಾಮಿಯ ಸನ್ನಿಧಿಗೆ ಒಂದು ವಿಚಿತ್ರ ಕಾಣಿಕೆ ಸಲ್ಲುತ್ತದೆ. ಅದು ಬಿಲ್ಲು. ಮರದ ಬಿಲ್ಲು, ಮೈತುಂಬ ಚಿತ್ರ ಬರೆದ ಬಿಲ್ಲು. ಅದಕ್ಕೆ ಬಾಣವಿಲ್ಲ, ಯಾರೂ ಅದನ್ನು ಎಳೆದು ಹೂಡುವುದಿಲ್ಲ. ಮಲಯಾಳದಲ್ಲಿ ಅದರ ಹೆಸರು ಓಣವಿಲ್ಲು.

ಮಲಯಾಳದ ‘ವಿಲ್ಲು’ ನಮ್ಮ ಬಿಲ್ಲೇ. ಅವರ ವೇರು ನಮ್ಮ ಬೇರು, ಅವರ ವೀಡು ನಮ್ಮ ಬೀಡು. ವಕಾರವನ್ನು ಬಕಾರ ಮಾಡಿಕೊಂಡರೆ ಅಲ್ಲಿನ ಎಷ್ಟೋ ಮಾತು ಕನ್ನಡದ ಮಕ್ಕಳಿಗೆ ಮನೆಯ ಮಾತಿನಂತೆ ಕೇಳುತ್ತದೆ. ಇದು ತಿಳಿದಿದ್ದರೆ ತಿರುವನಂತಪುರದ ಬೀದಿಯಲ್ಲಿ ಅಷ್ಟೇನೂ ಪರಕೀಯತೆ ಕಾಡದು.

ಊರಿನ ರೈಲು ನಿಲ್ದಾಣದಿಂದ ದೇವಸ್ಥಾನಕ್ಕೆ ನಡೆದೇ ಹೋಗಬಹುದು, ಒಂದು ಕಿಲೋಮೀಟರಿನಷ್ಟು ದಾರಿ. ಪೂರ್ವದ ಕೋಟೆ ಬಾಗಿಲು ದಾಟಿದರೆ ಒಂದು ಬದಿಗೆ ಪದ್ಮತೀರ್ಥವೆಂಬ ಕೊಳ, ಎದುರಿಗೆ ಏಳು ಅಂತಸ್ತಿನ, ಸುಮಾರು 100 ಅಡಿ ಎತ್ತರದ ಗೋಪುರ. ಗೋಪುರ ತಮಿಳು ನಾಡಿನ ರೀತಿಯದು. ಒಳಗಿನ ಗರ್ಭಗುಡಿ, ಮರದ ಕೆಲಸ, ಪೂಜಾಪದ್ಧತಿ ಕೇರಳದ್ದು. 18 ಅಡಿ ಉದ್ದದ ಪದ್ಮನಾಭ ಅನಂತನ ಮೇಲೆ ಪವಡಿಸಿದ್ದಾನೆ. ಒಂದೇ ಬಾಗಿಲಿನಲ್ಲಿ ನಿಂತು ಅವನನ್ನು ಪೂರ್ತಿ ಕಾಣಲಾಗದು. ಒಂದು ಬಾಗಿಲಿನಲ್ಲಿ ಮುಖ, ನಡುವಿನದರಲ್ಲಿ ನಾಭಿಯ ಕಮಲ, ಇನ್ನೊಂದರಲ್ಲಿ ಪಾದ. ಹೀಗೆ ಮೂರು ಬಾಗಿಲಿನಲ್ಲಿ ಕಂಡದ್ದನ್ನು ಭಕ್ತ ಮನಸ್ಸಿನಲ್ಲೇ ಜೋಡಿಸಿಕೊಳ್ಳಬೇಕು. ಮೂರ್ತಿ ಕಲ್ಲಿನದಲ್ಲ. ಗಂಡಕಿ ನದಿಯ 12,008 ಸಾಲಿಗ್ರಾಮಗಳನ್ನು ಇರಿಸಿ, ಮೇಲೆ ಕಡುಶರ್ಕರ ಪಾಕವೆಂಬ ಗಾರೆಯಿಂದ ರೂಪಿಸಿದ್ದು.

ಈ ದೇವರಿಗೂ ಕಾಸರಗೋಡಿನ ಕಡೆಗೂ ಹಳೆಯ ನಂಟಿದೆ. ತುಳುನಾಡಿನ ದಿವಾಕರ ಮುನಿಯ ಮುಂದೆ ಮಗುವಾಗಿ ಕಾಣಿಸಿಕೊಂಡ ದೇವರು ಮುನಿಸಿಕೊಂಡು ಓಡಿದನಂತೆ. ಮುನಿ ಅವನನ್ನು ಅರಸುತ್ತ ತೆಂಕಣಕ್ಕೆ ನಡೆದು ಅನಂತನ ಕಾಡಿನಲ್ಲಿ ಕಂಡನಂತೆ. ಕುಂಬಳೆಯ ಬಳಿಯ ಅನಂತಪುರದ ಕೆರೆ ದೇವಸ್ಥಾನವೇ ಪದ್ಮನಾಭನ ಮೂಲಸ್ಥಾನವೆಂದು ಆ ಭಾಗದವರ ನಂಬಿಕೆ. ಆ ಕೆರೆಯಲ್ಲಿ ಬಹುಕಾಲ ಬದುಕಿದ್ದ ‘ಬಬಿಯಾ’ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಜನ ಮನೆಯವರೇ ಹೋದಂತೆ ದುಃಖಪಟ್ಟರು. ತಿರುವನಂತಪುರದ ನಂಬಿಗಳೆಂಬ ಅರ್ಚಕರು ಕೂಡ ಚಂದ್ರಗಿರಿ ಹೊಳೆಯ ‘ಅಕ್ಕರೆ’ ಮತ್ತು ‘ಇಕ್ಕರೆ’ಯ ಮನೆತನಗಳವರು. ಕರೆಯೆಂದರೆ ದಡ, ಕರಾವಳಿ ಎಂಬ ನಮ್ಮ ಮಾತಿನಲ್ಲಿ ಅದಿನ್ನೂ ಉಳಿದುಕೊಂಡಿದೆ.

2011ರಲ್ಲಿ ನೆಲಮಾಳಿಗೆಯ ಕೋಣೆಗಳನ್ನು ತೆರೆದು ಎಣಿಸಿದಾಗ ಹೊರಬಂದ ಚಿನ್ನದ ಸುದ್ದಿ ಜಗತ್ತಿಗೆಲ್ಲ ಹರಡಿತು. ಅಂದಿನಿಂದ ಬರುವ ಪ್ರವಾಸಿಗರಲ್ಲಿ ಅನೇಕರು ಮೊದಲು ಕೇಳುವುದೇ ಆ ಕೋಣೆ ಎಲ್ಲಿದೆಯೆಂದು. ಅಷ್ಟು ಐಶ್ವರ್ಯವಂತನಾದ ದೇವರಿಗೆ ವರ್ಷದ ದೊಡ್ಡ ಹಬ್ಬದಂದು ಸಲ್ಲುವುದು ಬಣ್ಣ ಹಚ್ಚಿದ ಮರದ ಹಲಗೆ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಓಣವಿಲ್ಲಿನ ಹಿಂದಿನ ಕಥೆ ಹೀಗಿದೆ. ವಾಮನ ಮೂರನೆಯ ಹೆಜ್ಜೆಯನ್ನು ತಲೆಯ ಮೇಲಿಟ್ಟಾಗ ಬಲಿಯು ದೇವರ ವಿಶ್ವರೂಪವನ್ನು ಕಾಣಬೇಕೆಂದು ಬೇಡಿದ. ಕಂಡ. ಅಷ್ಟಕ್ಕೇ ತೃಪ್ತನಾಗದೆ, ವಿಷ್ಣುವಿನ ಅವತಾರಗಳನ್ನೂ ಅವುಗಳ ಕಥೆಗಳನ್ನೂ ನೋಡುವ ಆಸೆಯನ್ನು ಮುಂದಿಟ್ಟ. ಆಗಿನ್ನೂ ನಡೆಯದಿದ್ದ ಕಥೆಗಳೂ ಅದರಲ್ಲಿದ್ದವಲ್ಲ! ವಿಷ್ಣು ವಿಶ್ವಕರ್ಮನನ್ನು ಕರೆಸಿದ. ವರ್ಷಕ್ಕೊಮ್ಮೆ ಬಲಿ ಬಂದಾಗ ಅವನಿಗೆ ತೋರಿಸಲು ಈ ಚಿತ್ರಗಳನ್ನು ಬರೆಸುತ್ತೇನೆಂದು ಮಾತು ಕೊಟ್ಟ. ರಾಜ್ಯ ಕಳೆದುಕೊಂಡ ದೊರೆಗೆ ಚಿತ್ರಗಳ ಸಮಾಧಾನ! ಆದರೂ ಕಥೆಯಲ್ಲಿ ಒಂದು ಸೊಗಸಿದೆ. ದೇವರು ಕೊಟ್ಟ ಮಾತನ್ನು ಉಳಿಸಿಕೊಡುವ ಹೊಣೆ ಬಡಗಿಯ, ಚಿತ್ರಗಾರನ ಕೈಗೆ ಬಂದಿದೆ.

ಆ ಕೈ ಇರುವುದು ದೇವಸ್ಥಾನದಿಂದ ಕೆಲವೇ ಕಿಲೋಮೀಟರು ದೂರದ ಕರಮನದಲ್ಲಿ. ನಾಗರಕೋಯಿಲಿಗೆ ಹೋಗುವ ಹೆದ್ದಾರಿ ಕರಮನ ಹೊಳೆಯನ್ನು ದಾಟುವ ಜಾಗ. ಹಳೆಯ ಅಗ್ರಹಾರಗಳಿಗೆ ಹೆಸರಾದದ್ದು. ಅಲ್ಲಿಯ ಮೇಲಾರನ್ನೂರಿನ ವಿಳಯಿಲ್ ವೀಡು ಎಂಬ ಒಂದು ಮನೆತನಕ್ಕೆ ತಲೆಮಾರುಗಳಿಂದ ಓಣವಿಲ್ಲು ಮಾಡುವ ಹಕ್ಕಿದೆ. ಹಕ್ಕು ಎಂದರೂ ಸರಿ, ಹೊಣೆ ಎಂದರೂ ಸರಿ.

ಕೆಲಸಕ್ಕೆ ಕೈ ಹಾಕುವ ಮೊದಲು 41 ದಿನಗಳ ವ್ರತ. ಮೀನು ಮಾಂಸವಿಲ್ಲದ ಊಟ, ಸ್ನಾನ, ಮಡಿ. ಲೆಕ್ಕ ಹಾಕಿ ನೋಡಿದರೆ ಈ ದಿನಗಳು ಬಹುಮಟ್ಟಿಗೆ ಕರ್ಕಾಟಕ ಮಾಸದಲ್ಲಿ ಬರುತ್ತವೆ. ತುಳುವರ ಆಟಿ ತಿಂಗಳು ಅದು. ಹೊರಗೆ ಬಿಡದೆ ಸುರಿಯುವ ಮಳೆ, ಕೇರಳದ ಮನೆಗಳಲ್ಲಿ ಸಂಜೆಯ ರಾಮಾಯಣ ಪಾರಾಯಣ. ಮರವಾಗಲಿ ಬಣ್ಣವಾಗಲಿ ಒಣಗಲು ಇಷ್ಟು ಕೆಟ್ಟ ಕಾಲ ವರ್ಷದಲ್ಲಿ ಇನ್ನೊಂದಿಲ್ಲ. ಆದರೆ ಹಬ್ಬ ನಿಗದಿಯಾಗಿರುವುದು ನಕ್ಷತ್ರಕ್ಕೆ. ಬಣ್ಣ ಒಣಗಿಲ್ಲವೆಂದು ಶ್ರವಣ ನಕ್ಷತ್ರ ಒಂದು ದಿನ ಕಾಯುವುದಿಲ್ಲ. ಪರೀಕ್ಷೆಯ ವೇಳಾಪಟ್ಟಿಗೆ ಹೆದರುವ ಮಕ್ಕಳಿಗೆ ಈ ಮನೆಯ ಸಂಕಟ ಚೆನ್ನಾಗಿ ಅರ್ಥವಾದೀತು.

ಮರ ಕದಂಬದ್ದು, ಇಲ್ಲವೆ ಮಹಾಗನಿಯದು. ಕದಂಬ ನಮ್ಮ ಮಣ್ಣಿನ ಮರ. ಬನವಾಸಿಯ ಅರಸರಿಗೆ ಹೆಸರು ಕೊಟ್ಟ ಮರವೆಂದು ನಮ್ಮ ಮಕ್ಕಳು ಚರಿತ್ರೆಯ ಪುಸ್ತಕದಲ್ಲಿ ಓದಿರುತ್ತಾರೆ. ಮಹಾಗನಿ ಅಮೆರಿಕ ಖಂಡದಿಂದ ಬಂದದ್ದು. ಹಳೆಯ ವಿಧಿಗೆ ಹೊಸ ಮರ ಯಾವಾಗಲೋ ಸೇರಿಕೊಂಡಿದೆ, ದೇವರು ಆಕ್ಷೇಪಿಸಿಲ್ಲ. ಬಿಲ್ಲು ಎಂದಾಗ ಕೋಲನ್ನು ಬಗ್ಗಿಸಿ ಮಾಡಿದ್ದೆಂದು ತಿಳಿಯಬಾರದು. ಬೇಟೆಗಾರನ ಬಿಲ್ಲು ಬಗ್ಗುವುದರಿಂದಲೇ ಬಿಲ್ಲು; ಬಿದಿರೋ ಬೆತ್ತವೋ ಬಾಗಿ ಮತ್ತೆ ನೆಟ್ಟಗಾಗಲು ತವಕಿಸುವ ಶಕ್ತಿಯೇ ಬಾಣವನ್ನು ಚಿಮ್ಮಿಸುತ್ತದೆ. ಓಣವಿಲ್ಲು ಬಗ್ಗುವುದೇ ಇಲ್ಲ. ಅಗಲವಾದ ಹಲಗೆಯನ್ನು ಬಿಲ್ಲಿನ ಆಕಾರಕ್ಕೆ ಕೊಯ್ದು, ನಡುವೆ ಅಗಲ ಬಿಟ್ಟು ಎರಡು ತುದಿಗಳನ್ನೂ ಮೊನಚಾಗಿಸಿ, ಉಜ್ಜಿ ನುಣುಪು ಮಾಡುತ್ತಾರೆ. ಮುಗಿದ ಮೇಲೆ ನೋಡಿದರೆ ಬಿಲ್ಲಿಗಿಂತ ದೋಣಿಯೇ ನೆನಪಾಗುತ್ತದೆ. ದೋಣಿಯ ನಾಡಲ್ಲವೇ!

ಅಳತೆಗೂ ಕಟ್ಟಳೆಯಿದೆ. ದೊಡ್ಡದು ನಾಲ್ಕೂವರೆ ಅಡಿ ಉದ್ದ, ನಡುವಿನದು ನಾಲ್ಕು ಅಡಿ, ಚಿಕ್ಕದು ಮೂರೂವರೆ ಅಡಿ. ಅಗಲ ಕ್ರಮವಾಗಿ ಆರು, ಐದು, ನಾಲ್ಕು ಅಂಗುಲ. ಬರೆಯುವ ವಿಷಯಗಳೂ ನಿಗದಿಯಾದವೇ: ಅನಂತಶಯನ, ದಶಾವತಾರ, ಶ್ರೀರಾಮ ಪಟ್ಟಾಭಿಷೇಕ, ಕೃಷ್ಣಲೀಲೆ, ವಿನಾಯಕ, ಶಾಸ್ತಾ. ಶಾಸ್ತಾ ಎಂದರೆ ನಾವು ಅಯ್ಯಪ್ಪ ಎನ್ನುವವನು.

ನಾಲ್ಕೂವರೆ ಅಡಿ ಉದ್ದ, ಅರ್ಧ ಅಡಿ ಅಗಲ. ಚಿತ್ರ ಬರೆಯುವ ಯಾವ ವಿದ್ಯಾರ್ಥಿಯಾದರೂ ಕೈಯಲ್ಲಿ ಒಂದು ಸ್ಕೇಲು ಹಿಡಿದು ಅದರ ಮೇಲೆ ರಾಮನ ಪಟ್ಟಾಭಿಷೇಕವನ್ನು ಕಲ್ಪಿಸಿಕೊಳ್ಳಲಿ. ಸಿಂಹಾಸನ ಎತ್ತರದ್ದು, ಛತ್ರ ಇನ್ನೂ ಎತ್ತರದ್ದು. ಹಲಗೆಗೋ ಎತ್ತರವೇ ಇಲ್ಲ. ತಮ್ಮಂದಿರು, ಹನುಮಂತ, ಋಷಿಗಳು, ಕಪಿಗಳು ಎಲ್ಲರೂ ಎಡಕ್ಕೂ ಬಲಕ್ಕೂ ಸಾಲಾಗಿ ಸರಿಯಬೇಕು. ತುದಿಗೆ ಹೋದಷ್ಟೂ ಜಾಗ ಕಿರಿದು. ಅನಂತಶಯನಕ್ಕೆ ಮಾತ್ರ ಈ ಕಷ್ಟವಿಲ್ಲ. ಉದ್ದಕ್ಕೆ ಮಲಗಿದ ದೇವರು, ಅಡಿಯಲ್ಲಿ ಹಾವಿನ ಸುರುಳಿ. ಹಲಗೆಯನ್ನು ಅವನ ಅಳತೆ ನೋಡಿಯೇ ಕೊಯ್ದಂತಿರುತ್ತದೆ. ಗರ್ಭಗುಡಿಯಲ್ಲಿ ಮೂರು ಬಾಗಿಲಿಗೆ ಹಂಚಿಹೋದ ರೂಪ ಇಲ್ಲಿ ಒಂದೇ ನೋಟಕ್ಕೆ ದಕ್ಕುತ್ತದೆ. ಓಣವಿಲ್ಲುಗಳಲ್ಲಿ ಅನಂತಶಯನದ್ದೇ ಎಲ್ಲಕ್ಕಿಂತ ಚೆಲುವೆಂದರೆ ಉಳಿದವುಗಳಿಗೆ ಅನ್ಯಾಯವಾಗದು.

ಬಣ್ಣಗಳ ಹಾದಿ ಕೇರಳದ ಗೋಡೆ ಚಿತ್ರಗಳದ್ದೇ. ಕೆಂಪು, ಹಳದಿ, ಹಸಿರು, ಕಪ್ಪು, ಬಿಳಿ, ಪಂಚವರ್ಣಕ್ಕೆ ಮೀರುವಂತಿಲ್ಲ. ಗೋಡೆ ಚಿತ್ರದ ಪದ್ಧತಿಯಲ್ಲಿ ಕೆಂಪು ಹಳದಿಗಳು ಮಣ್ಣಿನಿಂದ, ಕಪ್ಪು ದೀಪದ ಕಾಡಿಗೆಯಿಂದ, ಬಿಳಿ ಸುಣ್ಣದಿಂದ. ನೀಲಿ ಗಿಡದ ರಸಕ್ಕೆ ಹಳದಿ ಅಂಟು ಬೆರೆಸಿದರೆ ಹಸಿರು. ಬಣ್ಣಕ್ಕೆ ಗುಣವೂ ಇದೆ: ಸಾತ್ವಿಕ ಮೂರ್ತಿಗೆ ಹಸಿರು, ರಾಜಸಕ್ಕೆ ಕೆಂಪು. ಮೊದಲು ತೆಳುವಾದ ಗೆರೆ. ಆಮೇಲೆ ತಿಳಿಯಿಂದ ಗಾಢಕ್ಕೆ ಬಣ್ಣ. ಕೊನೆಗೆ ಕಪ್ಪು ರೇಖೆ. ಕಣ್ಣು ತೆರೆಯುವುದು ಎಲ್ಲಕ್ಕೂ ಕೊನೆ. ಗೋಡೆಯ ಮುಂದೆ ನಿಂತ ಚಿತ್ರಗಾರನಿಗೆ ಹಿಂದೆ ಸರಿದು ನೋಡುವ ಅವಕಾಶವಿರುತ್ತದೆ. ಬಿಲ್ಲಿನ ಮೇಲೆ ಬರೆಯುವವನು ಬಗ್ಗಿ ಕುಳಿತೇ ಇರಬೇಕು. ಕುಂಚದ ಮೊನೆ ಒಂದು ಎಳೆಯಷ್ಟು ಜರುಗಿದರೂ ದೇವರ ಮುಖಭಾವ ಕೆಡುತ್ತದೆ.

ಚಿತ್ರ ಮುಗಿದ ಮೇಲೆ ಹೆದೆ ಕಟ್ಟಬೇಕು. ಹೆದೆಯಿಲ್ಲದೆ ಬಿಲ್ಲು ಹೇಗಾದೀತು? ಅಲಂಕಾರದ ಕೆಂಪು ಹುರಿ, ಅದರ ತುದಿಗೆ ಕುಚ್ಚು. ಈ ಹುರಿಯನ್ನೂ ಕುಚ್ಚನ್ನೂ ಮಾಡುವವರು ವಿಳಯಿಲ್ ಮನೆಯವರಲ್ಲ. ಪೂಜಪ್ಪುರದ ಸೆಂಟ್ರಲ್ ಜೈಲಿನ ಕೈದಿಗಳು. ಹಬ್ಬದ ದಿನ ಮನೆಯ ಊಟಕ್ಕೆ ಕೂರಲಾಗದವರ ಕೈಯ ಕೆಲಸ ದೇವರ ಮುಂದೆ ಹೋಗಿ ನಿಲ್ಲುತ್ತದೆ. ಸೆರೆಯಲ್ಲಿದ್ದು ವರ್ಷಕ್ಕೊಂದೇ ದಿನ ಹೊರಬರುವ ದೊರೆಯ ಹಬ್ಬಕ್ಕೆ ಈ ಏರ್ಪಾಡು ಎಷ್ಟು ಹೊಂದುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ತಿರುವೋಣದ ಬೆಳಿಗ್ಗೆ ಬಿಲ್ಲುಗಳು ಗುಡಿಗೆ ಬರುತ್ತವೆ. ಮೂರು ದಿನ ಸನ್ನಿಧಿಯಲ್ಲಿ ಅಲಂಕಾರವಾಗಿ ಇರುತ್ತವೆ. ವರ್ಷದ ತಯಾರಿ, 41 ದಿನದ ವ್ರತ, ಮೂರು ದಿನದ ಪ್ರದರ್ಶನ. ಮಾರುಕಟ್ಟೆಯ ಲೆಕ್ಕಕ್ಕೆ ಇದು ಹೊಂದುವುದಿಲ್ಲ.

ಇಲ್ಲಿ ತಂದೆತಾಯಂದಿರಿಗೆ ಒಂದು ಪ್ರಶ್ನೆ ಏಳಬಹುದು. ಇಂಥ ವಿದ್ಯೆಯನ್ನು ಯಾರು ಕಲಿಯಬೇಕು, ಎಲ್ಲಿ ಕಲಿಯಬೇಕು? ಉತ್ತರಕ್ಕೆ ಕೇರಳದ್ದೇ ಇನ್ನೊಂದು ಊರಿನ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. 1970ರ ನವೆಂಬರ್ 30ರಂದು ಗುರುವಾಯೂರಿನ ಕೃಷ್ಣ ದೇವಾಲಯಕ್ಕೆ ಬೆಂಕಿ ಬಿತ್ತು. ಗರ್ಭಗುಡಿಯ ಗೋಡೆಯ ಹಳೆಯ ಚಿತ್ರಗಳು ಹಾಳಾದವು. ಮತ್ತೆ ಬರೆಸೋಣವೆಂದರೆ ಆ ಪದ್ಧತಿ ಬಲ್ಲವರು ಬೆರಳೆಣಿಕೆಯ ಮಂದಿ, ಅವರೂ ವಯಸ್ಸಾದವರು. ಮಮ್ಮಿಯೂರು ಕೃಷ್ಣನ್‌ಕುಟ್ಟಿ ನಾಯರ್ ಮೊದಲಾದ ಹಿರಿಯರು ಶಿಷ್ಯರನ್ನು ಕಟ್ಟಿಕೊಂಡು ಆ ಗೋಡೆಗಳನ್ನು ಮತ್ತೆ ತುಂಬಿದರು. ಈ ಹಿರಿಯರ ಜೊತೆಗೇ ವಿದ್ಯೆಯೂ ಹೋದೀತೆಂಬ ಭಯ ಆಗ ಎಲ್ಲರಿಗೂ ತಟ್ಟಿತ್ತು. 1989ರಲ್ಲಿ ಗುರುವಾಯೂರು ದೇವಸ್ವಂ ಗೋಡೆ ಚಿತ್ರಕ್ಕೆಂದೇ ಒಂದು ಶಾಲೆ ತೆರೆಯಿತು. ಕೃಷ್ಣನ್‌ಕುಟ್ಟಿ ನಾಯರೇ ಮೊದಲ ಗುರು. ಐದು ವರ್ಷದ ಶಿಕ್ಷಣ. ಅಲ್ಲಿ ಕಲಿತವರು, ಅವರಿಂದ ಕಲಿತವರು ಈಗ ಎಲ್ಲೆಲ್ಲೂ ಇದ್ದಾರೆ. ಕೇರಳದ ಗೋಡೆ ಚಿತ್ರ ಇಂದು ಹೋಟೆಲಿನ ಗೋಡೆಗೂ ಸೀರೆಯ ಸೆರಗಿಗೂ ಇಳಿದಿದೆ. ಸೆರಗಿಗೆ ಇಳಿದದ್ದು ಒಳ್ಳೆಯದೇ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ವಿದ್ಯೆ ಉಳಿಯಿತು.

ಓಣವಿಲ್ಲಿನದು ಬೇರೆ ದಾರಿ. ಅದೇ ಬಣ್ಣ, ಅದೇ ರೇಖೆ, ಅದೇ ದೇವರು. ಆದರೆ ಅದನ್ನು ಸಲ್ಲಿಸುವ ಮನೆ ಒಂದೇ. ಗುರುವಾಯೂರಿನಲ್ಲಿ ಅರ್ಜಿ ಹಾಕಿ ಸೇರಿದಂತೆ ಈ ಹಕ್ಕಿಗೆ ಅರ್ಜಿ ಹಾಕಿ ಸೇರುವಂತಿಲ್ಲ. ನುರಿತ ಚಿತ್ರಗಾರ ಹಲಗೆ ಕೊಯ್ದು ಅನಂತಶಯನವನ್ನು ಇನ್ನೂ ಚೆನ್ನಾಗಿಯೇ ಬರೆದಾನು; ಅದು ಸುಂದರ ವಸ್ತುವಾದೀತು, ಆ ಬೆಳಗಿನ ಕಾಣಿಕೆಯಾಗದು. ಮನೆಯ ಮಗ ಎಂಜಿನಿಯರಾಗಲಿ, ಮಗಳು ಬ್ಯಾಂಕಿಗೆ ಸೇರಲಿ ಎಂದು ಯಾವ ಮನೆಯವರು ಬಯಸುವುದಿಲ್ಲ? ಓಣವಿಲ್ಲು ಹೊಟ್ಟೆಪಾಡಿಗೆ ಸಾಲುವ ಉದ್ಯೋಗವಲ್ಲ, ವರ್ಷಕ್ಕೊಮ್ಮೆ ಬರುವ ಹೊಣೆ. ಬೇರೆ ಓದು, ಬೇರೆ ಕೆಲಸ ಇಟ್ಟುಕೊಂಡೇ ಆ 41 ದಿನಗಳಿಗೆ ಮನೆಗೆ ಮರಳುವವರು ಪ್ರತಿ ತಲೆಮಾರಿನಲ್ಲೂ ಒಬ್ಬಿಬ್ಬರಾದರೂ ಬೇಕು. ಶಾಲೆಯಾದರೆ ಒಂದು ವರ್ಷ ವಿದ್ಯಾರ್ಥಿಗಳು ಸಿಗದಿದ್ದರೂ ಮುಂದಿನ ವರ್ಷ ಸಿಕ್ಕಾರು. ಮನೆಯಲ್ಲಿ ಒಂದು ತಲೆಮಾರು ಬೇಡವೆಂದರೆ ಮುಗಿಯಿತು. ಹಾಗೆಂದು ಹಕ್ಕನ್ನು ಊರಿಗೆಲ್ಲ ಹಂಚಿದರೆ ಉಳಿಯುವುದು ಚಿತ್ರ ಮಾತ್ರ; ಬಲಿಗೆ ಕೊಟ್ಟ ಮಾತು ತಮ್ಮದೆಂದು ಮಳೆಗಾಲದಲ್ಲಿ ಉಪವಾಸ ಕೂರುವವರು ಉಳಿಯಲಾರರು. ಈ ತೊಡಕಿಗೆ ಸುಲಭದ ಪರಿಹಾರ ಇದ್ದಂತಿಲ್ಲ.

ಭಕ್ತರಿಗೂ ಓಣವಿಲ್ಲು ಸಿಗುವ ಏರ್ಪಾಡು ದೇವಸ್ಥಾನದಲ್ಲಿ ಆಗಿದೆ. ಮುಂಚಿತವಾಗಿ ಹಣ ಕಟ್ಟಿ ಹೆಸರು ಬರೆಸಬೇಕು. ಸಮಾರಂಭಗಳಲ್ಲಿ ಅತಿಥಿಗಳಿಗೆ ನೆನಪಿನ ಕಾಣಿಕೆಯಾಗಿ ಕೊಡುವ ಮಾದರಿ ಬಿಲ್ಲುಗಳೂ ಇವೆ. ಕೊಳ್ಳುವವರು ಒಂದು ಗೊಂದಲಕ್ಕೆ ಬೀಳದಿರಲಿ. ತ್ರಿಶೂರು, ಪಾಲಕ್ಕಾಡು ಕಡೆ ಓಣವಿಲ್ಲು ಎಂದು ಕೇಳಿದರೆ ಕೈಗೆ ಬರುವುದು ಬೇರೆಯೇ ವಸ್ತು. ಅದು ಓಣದ ಹಾಡಿಗೆ ಜೊತೆಗೊಡುವ ವಾದ್ಯ: ತಾಳೆಯ ದಂಟಿನ ಬಿಲ್ಲಿಗೆ ಬಿದಿರಿನ ಸೀಳಿನ ಹೆದೆ ಕಟ್ಟಿ, ಸಣ್ಣ ಕಡ್ಡಿಯಿಂದ ಬಡಿದು ನುಡಿಸುತ್ತಾರೆ. ಒಂದು ಬಿಲ್ಲು ಹಾಡುತ್ತದೆ, ಇನ್ನೊಂದು ಕಥೆ ಹೇಳುತ್ತದೆ. ಬಾಣ ಬಿಡುವುದು ಎರಡಕ್ಕೂ ಗೊತ್ತಿಲ್ಲ.

ಬಿಲ್ಲು ನೋಡಲು ಹೋದವರು ಗುಡಿಯ ಪಕ್ಕದ ಕುದಿರೆಮಾಳಿಗೆಯನ್ನೂ ನೋಡದೆ ಬರಬಾರದು. ಸಂಗೀತಗಾರ ಮಹಾರಾಜ ಸ್ವಾತಿ ತಿರುನಾಳ್ ಕಟ್ಟಿಸಿದ ಅರಮನೆ ಅದು. ಸೂರಿನ ಅಡಿಯಲ್ಲಿ ಸಾಲಾಗಿ ಮರದಲ್ಲಿ ಕೆತ್ತಿದ 122 ಕುದುರೆಗಳು, ಅದರಿಂದಲೇ ಆ ಹೆಸರು. 1846ರಲ್ಲಿ, ಮೂವತ್ತಮೂರರ ಎಳೆ ಹರೆಯದಲ್ಲೇ ತೀರಿಕೊಂಡ ಈ ದೊರೆ ಕನ್ನಡದಲ್ಲೂ ಕೃತಿ ರಚಿಸಿದ್ದಾನೆ. ತಲೆಯೆತ್ತಿ ಕುದುರೆಗಳನ್ನು ಎಣಿಸುತ್ತ ಹೋಗುವುದು ಮಕ್ಕಳಿಗೆ ಒಳ್ಳೆಯ ಆಟ. ಲೆಕ್ಕ ತಪ್ಪದೆ ಇರುವುದಿಲ್ಲ. ಇನ್ನೂ ಒಂದು ದಿನವಿದ್ದರೆ ಕನ್ಯಾಕುಮಾರಿಯ ದಾರಿಯಲ್ಲಿ ಪದ್ಮನಾಭಪುರದ ಮರದ ಅರಮನೆಗೆ ಹೋಗಿಬರಬಹುದು. ಅದು ಇರುವುದು ತಮಿಳುನಾಡಿನಲ್ಲಿ, ನೋಡಿಕೊಳ್ಳುವುದು ಕೇರಳ ಸರ್ಕಾರ. ಅಲ್ಲಿನ ಮೇಲಂತಸ್ತಿನ ಗೋಡೆಗಳಲ್ಲಿ ಪಂಚವರ್ಣದ ಹಳೆಯ ಚಿತ್ರಗಳಿವೆ. ಬಿಲ್ಲಿನ ಮೇಲೆ ಅಂಗುಲಗಳಲ್ಲಿ ಕಂಡದ್ದು ಅಲ್ಲಿ ಆಳೆತ್ತರಕ್ಕೆ ನಿಂತಿದೆ.

ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ರೈಲು ತಿರುವನಂತಪುರದ ಮೇಲೆಯೇ ಹಾಯುತ್ತದೆ. ಮಂಗಳೂರಿನಿಂದ ರಾತ್ರಿಯ ರೈಲುಗಳಿವೆ. ಓಣದ ವಾರದಲ್ಲಿ ಊರೆಲ್ಲ ದೀಪಾಲಂಕಾರ, ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಟಿಕೆಟ್ಟನ್ನು ಬಹಳ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಗುಡಿಯೊಳಗೆ ಗಂಡಸರಿಗೆ ಪಂಚೆಯೇ ಆಗಬೇಕು, ಅಂಗಿ ತೆಗೆಯಬೇಕು. ಹೆಂಗಸರಿಗೆ ಸೀರೆ, ಹುಡುಗಿಯರಿಗೆ ಲಂಗ. ತರದವರಿಗೆ ಬಾಗಿಲ ಬಳಿಯೇ ಪಂಚೆ ಸಿಗುತ್ತದೆ. ತಿರುವೋಣದ ದಿನವಾದರೆ ಬೆಳಕು ಹರಿಯುವ ಮೊದಲೇ ಸಾಲಿನಲ್ಲಿ ನಿಲ್ಲುವುದು ಒಳ್ಳೆಯದು. ಬಿಲ್ಲುಗಳು ಬರುವ ಹೊತ್ತಿಗೆ ಪದ್ಮತೀರ್ಥದ ಮೆಟ್ಟಿಲುಗಳ ಮೇಲೂ ಜನ ನಿಂತಿರುತ್ತಾರೆ.